ಬ್ಲಾಗರ್ ಲೆಕ್ಕ, ಅನಲಿಟಿಕ್ಸ್ ಲೆಕ್ಕ, ಸರ್ಚ್ ಕನ್ಸೋಲ್ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ

ಮದ್ದುಸೊಪ್ಪು, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಡುಗೆ, ಹಬ್ಬ, ತೋಟದ ಗಿಡಮರಗಳ ಬಗ್ಗೆ ಕನ್ನಡದಲ್ಲಿರುವ ಬ್ಲಾಗ್ ಇದು. ಬ್ಲಾಗರ್‌ನಲ್ಲಿದೆ, ವಿಳಾಸ ಬ್ಲಾಗ್‌ಸ್ಪಾಟ್‌ನದೇ, ಸುಮಾರು 80 ಬರಹಗಳಿವೆ. ಗೂಗಲ್ ಅನಲಿಟಿಕ್ಸ್, ಸರ್ಚ್ ಕನ್ಸೋಲ್ ಎರಡೂ ಜೋಡಿಸಿಯಾಗಿದೆ. ಪುಕ್ಕಟೆ ಸಿಗುವುದರಲ್ಲೇ ಕೆಲಸ ಆಗಬೇಕು.

ಮೊನ್ನೆಯ ಒಂದು ದಿನಕ್ಕೆ ಬ್ಲಾಗರ್ ಒಳಗಿನ ಅಂಕಿಅಂಶ 310 ವೀಕ್ಷಣೆ ಅನ್ನುತ್ತದೆ. ಅನಲಿಟಿಕ್ಸ್ 64 ಅನ್ನುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್ 19. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಇನ್ನೂ ಕೆಲವು ತಿಳಿಯುತ್ತಿಲ್ಲ. ಅನಲಿಟಿಕ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಡೈರೆಕ್ಟ್’ ಅಂತ ಬರುತ್ತಿದ್ದಾರೆ. ವಿಳಾಸ ಬಾಯಿಪಾಠ ಮಾಡಿ ಟೈಪ್ ಮಾಡುವಷ್ಟು ಹೆಸರಾದ ಬ್ಲಾಗ್ ಇದಲ್ಲ. ಊರುಗಳ ಪಟ್ಟಿಯಲ್ಲಿ ಮೇಲಿರುವುದು ಬೆಂಗಳೂರು, ಮಡಿಕೇರಿ ವಿರಾಜಪೇಟೆ ಹೆಸರು ಎಲ್ಲೋ ಒಂದೊಂದು. ಕೊಡಗಿನವರು ಓದುತ್ತಲೇ ಇಲ್ಲವೇ? ಹಳೆಯ ಐದಾರು ಬರಹಗಳಿಗೆ ಗೂಗಲ್‌ನಿಂದ ಒಬ್ಬರೂ ಬಂದಿಲ್ಲ, ಬರಹಗಳೇನೂ ಕಳಪೆಯಲ್ಲ. ಆಗಸ್ಟ್‌ನಲ್ಲಿ ಓದುಗರು ಏರಿ ಸೆಪ್ಟೆಂಬರ್‌ನಲ್ಲಿ ಇಳಿದರು. ಇದನ್ನು ಬೆಳವಣಿಗೆ ಅನ್ನಬೇಕೋ ಕುಸಿತ ಅನ್ನಬೇಕೋ? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಾರಂಗಿದಂಡೆ, ಕುಶಾಲನಗರ

ಮೂರೂ ಎಣಿಸುತ್ತಿರುವುದು ಬೇರೆಬೇರೆ ವಸ್ತು, ಹಾಗಾಗಿ ತಾಳೆಯಾಗುವುದೇ ಇಲ್ಲ.

ಬ್ಲಾಗರ್‌ನ ಎಣಿಕೆ ಪುಟವನ್ನು ಯಾರು ಕೇಳಿದರೂ ಒಂದು ಗೀಟು ಹಾಕುತ್ತದೆ. ಓದಲು ಬಂದ ಮನುಷ್ಯನಿಗೂ ಪುಟ ಕೆದಕಿಕೊಂಡು ಹೋಗುವ ಸ್ವಯಂಚಾಲಿತ ತಂತ್ರಾಂಶವಾದ ಬಾಟ್‌ಗೂ ಅದು ಸರಿಯಾಗಿ ಭೇದ ಮಾಡುವುದಿಲ್ಲ. ಗೊತ್ತಿಲ್ಲದ ದೇಶದಿಂದ ಒಂದೇ ರಾತ್ರಿ ನೂರಾರು ವೀಕ್ಷಣೆ ಬಿದ್ದರೆ ಅದು ಬಾಟ್ ಅಂತಲೇ ತಿಳಿಯಿರಿ. ಅನಲಿಟಿಕ್ಸ್ ಹಾಗಲ್ಲ. ಓದುಗರ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿದರೆ ಮಾತ್ರ ಎಣಿಸುತ್ತದೆ, ಗುರುತು ಸಿಕ್ಕ ಬಾಟ್‌ಗಳನ್ನು ತಾನೇ ತೆಗೆದುಹಾಕುತ್ತದೆ. ಆದರೆ ಬ್ರೇವ್ ಬ್ರೌಸರ್ ಬಳಸುವವರು, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಂಡವರು ಅದರ ಕಣ್ಣಿಗೆ ಬೀಳುವುದಿಲ್ಲ. ಬ್ಲಾಗರ್ ಲೆಕ್ಕ ಉಬ್ಬಿದ್ದು, ಅನಲಿಟಿಕ್ಸ್ ಲೆಕ್ಕ ಸ್ವಲ್ಪ ಕುಗ್ಗಿದ್ದು. ಸರ್ಚ್ ಕನ್ಸೋಲ್ ಎಣಿಸುವುದು ಗೂಗಲ್ ಹುಡುಕಾಟದಿಂದ ಬಂದ ಕ್ಲಿಕ್ ಅಷ್ಟನ್ನೇ. ವಾಟ್ಸಾಪ್, ಫೇಸ್‌ಬುಕ್ ಮೂಲಕ ಬಂದವರು ಅಲ್ಲಿ ಇರುವುದೇ ಇಲ್ಲ.

ಇನ್ನೊಂದು, ಮೊನ್ನೆಯ ಲೆಕ್ಕವನ್ನು ಇವತ್ತು ಹೋಲಿಸಬೇಡಿ. ಅನಲಿಟಿಕ್ಸ್ ಒಂದು ದಿನದ ಲೆಕ್ಕ ಮುಗಿಸಲು 24ರಿಂದ 48 ಗಂಟೆ ಹಿಡಿಯುತ್ತದೆ. ಸರ್ಚ್ ಕನ್ಸೋಲ್‌ನ ಅಂಕಿ ನೆಲೆ ನಿಲ್ಲಲು ಎರಡು ಮೂರು ದಿನ ಬೇಕು. ಒಂದು ವಾರವನ್ನು ಹಿಡಿಯಿರಿ, ಆ ವಾರ ಮುಗಿದು ನಾಲ್ಕು ದಿನ ಆಗಿರಲಿ.

ಅಂಕಿ ನಂಬುವ ಮೊದಲು ಟ್ಯಾಗ್ (ಅನಲಿಟಿಕ್ಸ್ ಎಣಿಸಲು ಪುಟದಲ್ಲಿ ಇಡುವ ಕೋಡ್) ಒಂದೇ ಸಲ ಇದೆಯೇ ನೋಡಿ. ಬ್ಲಾಗರ್‌ನಲ್ಲಿ ಎರಡು ದಾರಿಯಿದೆ. ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್ ಅನಲಿಟಿಕ್ಸ್ ಮೆಷರ್ಮೆಂಟ್ ಐಡಿ’ ಎಂಬ ಜಾಗದಲ್ಲಿ ಜಿ ಮತ್ತು ಅಡ್ಡಗೆರೆಯಿಂದ ಶುರುವಾಗುವ ಐಡಿ ಹಾಕುವುದು ಒಂದು. ಥೀಮ್‌ನ ಎಚ್‌ಟಿಎಂಎಲ್‌ಗೆ ಕೋಡ್ ಅಂಟಿಸುವುದು ಇನ್ನೊಂದು. ಎರಡನ್ನೂ ಮಾಡಿದರೆ ಒಂದು ಓದಿಗೆ ಎರಡು ವೀಕ್ಷಣೆ ಬೀಳುವ ಅಪಾಯ ಇದೆ. ಪರೀಕ್ಷೆ ಸುಲಭ: ರಿಯಲ್‌ಟೈಮ್ ವರದಿ ತೆರೆದಿಟ್ಟು, ಫೋನಿನಲ್ಲಿ ಯಾರೂ ಹೆಚ್ಚು ಓದದ ಹಳೆಯ ಬರಹ ಒಂದನ್ನು ಒಂದೇ ಸಲ ತೆರೆಯಿರಿ. ಆ ಶೀರ್ಷಿಕೆಯ ಮುಂದೆ 2 ಬಂದರೆ ಎರಡು ಟ್ಯಾಗ್ ಇದೆ, ಒಂದನ್ನು ತೆಗೆಯಿರಿ. ಏನೂ ಬಾರದಿದ್ದರೆ ಥೀಮ್ ಹೊರಗಿನಿಂದ ತಂದದ್ದಿರಬಹುದು. ಅಂಥ ಎಷ್ಟೋ ಥೀಮ್‌ಗಳಲ್ಲಿ ಆ ಐಡಿಯನ್ನು ಪುಟಕ್ಕೆ ಇಳಿಸುವ ಸಾಲನ್ನೇ ತೆಗೆದಿರುತ್ತಾರೆ. ಆಗ ಎರಡನೆಯ ದಾರಿಯೇ ಗತಿ.

ಗುರುತು ಸಿಗದ ಬಾಟ್ ಅನಲಿಟಿಕ್ಸ್‌ಗೂ ನುಸುಳುತ್ತದೆ. ಊರಿನ ಪಟ್ಟಿಯಲ್ಲಿ ಆಶ್‌ಬರ್ನ್, ಬೋರ್ಡ್‌ಮನ್, ಕೌನ್ಸಿಲ್ ಬ್ಲಫ್ಸ್ ಕಂಡರೆ ಅವು ಅಮೆರಿಕದಲ್ಲಿ ದೊಡ್ಡ ಡೇಟಾ ಸೆಂಟರ್‌ಗಳಿರುವ ಊರುಗಳು. ಕಡಂಬುಟ್ಟು ಮಾಡುವ ಬಗೆ ತಿಳಿಯಲು ಅಲ್ಲಿಂದ ಐವತ್ತು ಜನ ಬರುವುದಿಲ್ಲ. ಅವರ ಓದಿನ ಸಮಯವೂ 0 ಸೆಕೆಂಡ್ ಆಸುಪಾಸು ಇರುತ್ತದೆ. ಹಾಗಾಗಿ ವೀಕ್ಷಣೆ ಬಿಟ್ಟು ‘ಎಂಗೇಜ್ಡ್ ಸೆಷನ್’ ನೋಡಿ. 10 ಸೆಕೆಂಡಿಗಿಂತ ಹೆಚ್ಚು ನಿಂತ, ಇಲ್ಲವೇ ಎರಡು ಪುಟ ತೆರೆದ, ಇಲ್ಲವೇ ನೀವು ಮುಖ್ಯ ಎಂದು ಗುರುತು ಹಾಕಿದ ಕೆಲಸ ಮಾಡಿದ ಭೇಟಿಗೆ ಮಾತ್ರ ಆ ಹೆಸರು. ನಿಜವಾದ ಓದುಗರಿಗೆ ಪುಕ್ಕಟೆ ಸಿಗುವ ಅಂಕಿಗಳಲ್ಲಿ ಇದೇ ಹತ್ತಿರದ್ದು.

ಇದನ್ನು ಇವತ್ತೇ ಮಾಡಿ: ಅಡ್ಮಿನ್, ಡೇಟಾ ಕಲೆಕ್ಷನ್, ಡೇಟಾ ರಿಟೆನ್ಶನ್‌ಗೆ ಹೋಗಿ 2 ತಿಂಗಳು ಎಂದಿರುವುದನ್ನು 14 ತಿಂಗಳು ಮಾಡಿ. ಸಾಮಾನ್ಯ ವರದಿಗಳಿಗೆ ಇದು ತಾಗುವುದಿಲ್ಲ. ಆದರೆ ‘ಎಕ್ಸ್‌ಪ್ಲೋರ್’ನಲ್ಲಿ ನೀವೇ ಕಟ್ಟಿಕೊಳ್ಳುವ ವರದಿ, ಇದನ್ನು ಬದಲಿಸದಿದ್ದರೆ, ಎರಡು ತಿಂಗಳಿಗಿಂತ ಹಿಂದೆ ನೋಡಲಾರದು. ಹೋದ ದತ್ತಾಂಶ ಮತ್ತೆ ಸಿಗುವುದಿಲ್ಲ. ಜೊತೆಗೆ ಪ್ರಾಪರ್ಟಿಯ (ಅನಲಿಟಿಕ್ಸ್‌ನಲ್ಲಿ ನಿಮ್ಮ ಬ್ಲಾಗಿನ ಲೆಕ್ಕ ಇರುವ ಜಾಗ) ಟೈಮ್ ಝೋನ್ ಭಾರತದ್ದೇ ಇದೆಯಾ ಅಂತಲೂ ನೋಡಿಬಿಡಿ.

ಕಿತ್ತಳೆಹಿತ್ತಿಲು, ಸೋಮವಾರಪೇಟೆ

ಆ ‘ಡೈರೆಕ್ಟ್’ನಲ್ಲಿ ಬಹುಪಾಲು ವಾಟ್ಸಾಪ್ ಇರಬೇಕು. ವಾಟ್ಸಾಪ್ ಆ್ಯಪ್‌ನಿಂದ ಲಿಂಕ್ ಒತ್ತಿದಾಗ ಎಲ್ಲಿಂದ ಬಂದರು ಎಂಬ ಗುರುತು ಬ್ರೌಸರ್‌ಗೆ ಸಿಗುವುದಿಲ್ಲ. ಗುರುತಿಲ್ಲದ್ದನ್ನೆಲ್ಲ ಅನಲಿಟಿಕ್ಸ್ ಡೈರೆಕ್ಟ್ ಎಂಬ ಒಂದೇ ಚೀಲಕ್ಕೆ ಹಾಕುತ್ತದೆ. ನಮ್ಮಲ್ಲಿ ಬರಹ ಓಡಾಡುವುದೇ ಒಕ್ಕದ (ಕೊಡವ ಮನೆತನದ) ಗುಂಪು, ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪು, ಬೆಳೆಗಾರರ ಗುಂಪು, ಹೀಗೆ.

ಇದಕ್ಕೆ ಮದ್ದು ಯುಟಿಎಂ. ನೀವು ಹಂಚುವ ಲಿಂಕಿನ ತುದಿಗೆ ಮೂರು ಮಾಹಿತಿ ಸೇರಿಸುವುದು: ಸೋರ್ಸ್, ಮೀಡಿಯಂ, ಕ್ಯಾಂಪೇನ್. ಗೂಗಲ್‌ನದೇ ‘ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್’ ಪುಟದಲ್ಲಿ ತುಂಬಿದರೆ ಲಿಂಕ್ ತಯಾರಾಗಿ ಸಿಗುತ್ತದೆ. ಸೋರ್ಸ್ ಜಾಗಕ್ಕೆ ವಾಟ್ಸಾಪ್, ಮೀಡಿಯಂ ಜಾಗಕ್ಕೆ ಸೋಷಿಯಲ್, ಕ್ಯಾಂಪೇನ್ ಜಾಗಕ್ಕೆ ಗುಂಪಿನ ಗುರುತು. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಖಾಲಿ ಜಾಗ ಬೇಡ. ದೊಡ್ಡಕ್ಷರ ಸಣ್ಣಕ್ಷರ ಬೆರೆಸಿದರೆ ಅನಲಿಟಿಕ್ಸ್‌ಗೆ ಅವು ಬೇರೆಬೇರೆ ಮೂಲ, ಒಂದೇ ಗುಂಪು ಎರಡು ಸಾಲಾಗಿ ಒಡೆದುಹೋಗುತ್ತದೆ. ಮೀಡಿಯಂ ಜಾಗಕ್ಕೆ ಮನಸ್ಸಿಗೆ ಬಂದ ಪದ ಹಾಕಿದರೆ ಆ ಭೇಟಿಗಳು ‘ಅನ್‌ಅಸೈನ್ಡ್’ ಎಂಬಲ್ಲಿಗೆ ಹೋಗಿ ಬೀಳುತ್ತವೆ. ಸೋಷಿಯಲ್ ಎಂಬ ಪದ ಅದಕ್ಕೆ ಗೊತ್ತು.

ನೋಡುವುದು ಅಕ್ವಿಸಿಷನ್ ಕೆಳಗಿನ ಟ್ರಾಫಿಕ್ ಅಕ್ವಿಸಿಷನ್ ವರದಿಯಲ್ಲಿ. ಮೊದಲ ಕಾಲಂ ಅನ್ನು ‘ಸೆಷನ್ ಕ್ಯಾಂಪೇನ್’ಗೆ ಬದಲಿಸಿ.

ಎರಡು ಎಚ್ಚರಿಕೆ. ಬ್ಲಾಗಿನ ಒಳಗೆ ಒಂದು ಬರಹದಿಂದ ಇನ್ನೊಂದಕ್ಕೆ ಕೊಡುವ ಲಿಂಕಿಗೆ ಯುಟಿಎಂ ಹಾಕಲೇಬೇಡಿ, ಓದುಗ ನಿಜವಾಗಿ ಎಲ್ಲಿಂದ ಬಂದ ಎಂಬುದು ಕಲಸಿಹೋಗುತ್ತದೆ. ಇನ್ನೊಂದು, ಫಾರ್ವರ್ಡ್ ಮಾಡಿದಾಗ ಗುರುತೂ ಲಿಂಕಿನ ಜೊತೆಗೇ ಹೋಗುತ್ತದೆ. ಒಕ್ಕದ ಗುಂಪಿಗೆ ಕಳಿಸಿದ್ದು ಮೈಸೂರಿನ ಬೇರೆ ಗುಂಪಿಗೆ ಹೋದರೂ ಲೆಕ್ಕ ಒಕ್ಕದ ಹೆಸರಿಗೇ. ‘ಈ ಗುಂಪಿನಿಂದ ಹೊರಟದ್ದು ಇಷ್ಟು ದೂರ ಹೋಯಿತು’ ಅಂತ ಓದಿಕೊಳ್ಳಿ.

ಊರಿನ ವಿಷಯ. ಅನಲಿಟಿಕ್ಸ್ ಊರು ಹೇಳುವುದು ಐಪಿ ವಿಳಾಸದ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ) ಅಂದಾಜಿನಿಂದ. ಮೊಬೈಲ್ ಡೇಟಾದಲ್ಲಿ ಓದುವವರ ಐಪಿ ಕಂಪನಿಯ ದೊಡ್ಡ ಕೇಂದ್ರ ಇರುವ ಊರಿನ ಹೆಸರಿಗೆ ದಾಖಲಾಗಿರುವುದು ಸಾಮಾನ್ಯ. ಭಾಗಮಂಡಲದಲ್ಲಿ ಫೋನ್ ಹಿಡಿದು ಓದಿದವರೂ ವರದಿಯಲ್ಲಿ ಬೆಂಗಳೂರಿಗರಾಗಬಹುದು. ಆದ್ದರಿಂದ ಆ ಪಟ್ಟಿ ನೋಡಿ ಕೊಡಗಿನವರು ಓದುವುದಿಲ್ಲ ಅಂತ ದಯವಿಟ್ಟು ತೀರ್ಮಾನಿಸಬೇಡಿ. ಸ್ಥಳೀಯ ಗುಂಪುಗಳಿಗೆ ಬೇರೆ ಯುಟಿಎಂ ಕೊಡಿ, ಐಪಿಗಿಂತ ಅದು ಹೆಚ್ಚು ನಿಜ ಹೇಳುತ್ತದೆ.

ಲಿಪಿಕಾರ, ಮಡಿಕೇರಿ

ಗೂಗಲ್‌ನಿಂದ ಒಬ್ಬರೂ ಬಾರದ ಆ ಹಳೆಯ ಬರಹಗಳ ಬಗ್ಗೆ. ಕನ್ನಡ ಬ್ಲಾಗುಗಳಿಗೇ ಇರುವ ತೊಂದರೆ ಇದು. ಬರಹ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾದರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡದಂತೆ ಕಾಣುತ್ತದೆ, ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಗೂಗಲ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕದಲ್ಲಿ ಹಾಕಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಅದೇ ಪೋಸ್ಟಿನಲ್ಲಿ ಬದಲಿಸಿ. ಬರಹವನ್ನು ಚಿತ್ರವಾಗಿ ಏರಿಸಿದ್ದರೂ ಇದೇ ಗತಿ.

ಯೂನಿಕೋಡ್‌ನಲ್ಲೇ ಇದ್ದರೆ ಆ ಪುಟದ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಮೇಲಿನ ಪಟ್ಟಿಯಲ್ಲಿ ಹಾಕಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಮಾಡಿ. ‘ಡಿಸ್ಕವರ್ಡ್’ ಎಂದರೆ ಪುಟ ಇದೆ ಅಂತ ಗೊತ್ತಿದೆ, ಇನ್ನೂ ಬಂದು ನೋಡಿಲ್ಲ. ‘ಕ್ರಾಲ್ಡ್’ ಎಂದರೆ ಬಂದು ನೋಡಿ, ಸದ್ಯಕ್ಕೆ ತನ್ನ ಪಟ್ಟಿಗೆ (ಇಂಡೆಕ್ಸ್) ಸೇರಿಸಿಲ್ಲ. ಮೊದಲನೆಯದಕ್ಕೆ ಬೇರೆ ಬರಹಗಳಿಂದ ಅದಕ್ಕೆ ಲಿಂಕ್ ಕೊಡಿ, ಸೈಟ್‌ಮ್ಯಾಪ್ ಸಲ್ಲಿಸಿ (ಇದು ಬ್ಲಾಗಿನ ಪುಟಗಳ ಪಟ್ಟಿ, ಬ್ಲಾಗರ್‌ನಲ್ಲಿ ಬರಹಗಳಿಗೊಂದು, ಸ್ಥಿರ ಪುಟಗಳಿಗೊಂದು, ಎರಡು ಸಿದ್ಧವಾಗಿಯೇ ಇರುತ್ತವೆ). ಎರಡನೆಯದಾದರೆ ಬರಹದಲ್ಲೇ ಇನ್ನಷ್ಟು ವಿಷಯ ತುಂಬಬೇಕು. ಇಂಡೆಕ್ಸ್ ಆಗದ ಪುಟಗಳ ಪಟ್ಟಿಯಲ್ಲಿ ಕೊನೆಗೆ ಎಂ ಸಮ 1 ಎಂದಿರುವ ವಿಳಾಸಗಳು ಕಂಡರೆ ಗಾಬರಿ ಬೇಡ, ಅವು ಅದೇ ಬರಹದ ಮೊಬೈಲ್ ರೂಪ. ಲೇಬಲ್ ಪುಟಗಳನ್ನು ಬ್ಲಾಗರ್ ತಾನೇ ರೋಬೋಟ್ಸ್ ಕಡತದಲ್ಲಿ (ಗೂಗಲ್‌ನಂಥವು ಯಾವ ಪುಟ ನೋಡಬಾರದು ಎಂದು ಹೇಳುವ ಕಡತ) ತಡೆದಿರುತ್ತದೆ, ಅವೂ ಅಲ್ಲಿ ಕಾಣುತ್ತವೆ. ಎರಡನ್ನೂ ಮುಟ್ಟಬೇಡಿ.

ಈಗ ಪ್ರಶ್ನೆಪದಗಳು, ಅಂದರೆ ಜನ ಗೂಗಲ್‌ನಲ್ಲಿ ಒತ್ತಿ ಹುಡುಕುವ ಪದಗಳು. ಕನ್ನಡ ಬ್ಲಾಗಿಗೆ ಸರ್ಚ್ ಕನ್ಸೋಲ್‌ನಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಪರ್ಫಾರ್ಮೆನ್ಸ್ ವರದಿಯಲ್ಲಿ ಫಿಲ್ಟರ್ ಸೇರಿಸಿ, ಕ್ವೆರಿ ಆರಿಸಿ, ‘ಕಸ್ಟಮ್ ರೆಜೆಕ್ಸ್’ (ಅಕ್ಷರಗಳ ಮಾದರಿ ಕೊಟ್ಟು ಸೋಸುವುದು) ಎಂಬುದನ್ನು ಹಿಡಿದು, ಪೆಟ್ಟಿಗೆಯಲ್ಲಿ ಇಷ್ಟೇ ಬರೆಯಿರಿ:

[ಅ-ಹ]

ಕನ್ನಡ ಲಿಪಿಯಲ್ಲಿ ಹುಡುಕಿ ಬಂದವರಷ್ಟೇ ಉಳಿಯುತ್ತಾರೆ. ಅದನ್ನೇ ‘ಹೊಂದದ್ದು’ ಎಂದು ತಿರುಗಿಸಿದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕೊಡವ ಪದಗಳನ್ನು ಒತ್ತಿ ಬಂದವರು. ಬರಹದ ಒಳಗೆ ಒಂದೇ ಒಂದು ಕಡೆ ಪದದ ಇಂಗ್ಲಿಷ್ ಕಾಗುಣಿತ ಕೊಡಬೇಕೋ ಬೇಡವೋ ಎಂಬುದು ಈ ಎರಡನ್ನು ಹೋಲಿಸಿದ ಕೂಡಲೇ ಗೊತ್ತಾಗುತ್ತದೆ. ಒಂದೇ ವಿಷಯಕ್ಕೆ ನಮ್ಮಲ್ಲಿ ಹೆಸರು ಹಲವು. ಕಕ್ಕಡ ತಿಂಗಳಲ್ಲಿ (ತುಳುವರ ಆಟಿ) ಪಾಯಸ ಮಾಡುವ ಮದ್ದುಸೊಪ್ಪಿನ ಬರಹಕ್ಕೆ ಈ ಮಾದರಿ ಹಾಕಿ ನೋಡಿ:

ಮದ್ದು|ಮದ್ದ್|ಆಟಿ|ಕಕ್ಕಡ

ನಡುವಿನ ನಿಂತ ಗೆರೆಗೆ ‘ಅಥವಾ’ ಎಂದರ್ಥ. ಸುಗ್ಗಿ ಹಬ್ಬದ ಹೆಸರುಗಳಾದ ಹುತ್ತರಿ, ಪುತ್ತರಿ, ಆಯುಧ ಪೂಜೆಯ ಹಬ್ಬದ ಹೆಸರುಗಳಾದ ಕೈಲ್‌ಪೊಳ್ದ್, ಕೈಲ್ ಮುಹೂರ್ತ, ಕೊಡಗು, ಕೂರ್ಗ್ ಇವನ್ನೂ ಹೀಗೆಯೇ ಕಟ್ಟಿಕೊಳ್ಳಬಹುದು. ಜನ ಯಾವ ಹೆಸರಿನಿಂದ ಹುಡುಕುತ್ತಾರೋ ಆ ಹೆಸರು ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ಸೇರಿಸಿ. ಫಿಲ್ಟರ್ ಹಾಕಿದ ಮೊತ್ತಗಳು ಕೂಡಿದರೂ ಒಟ್ಟು ಕ್ಲಿಕ್ಕಿಗಿಂತ ಕಡಿಮೆಯೇ ಬರುತ್ತದೆ. ತೀರಾ ಕೆಲವೇ ಜನ ಕೇಳಿದ ಪ್ರಶ್ನೆಗಳನ್ನು ಗೂಗಲ್ ಗುಟ್ಟಾಗಿಡುತ್ತದೆ, ಅಂಕಿ ಕಳೆದುಹೋಗಿದೆ ಅಂತಲ್ಲ.

ದಿನದ ಲೆಕ್ಕದಲ್ಲಿ ಒಂದು ಬಲೆ ಇದೆ. ದಿನವಾರು ಪಟ್ಟಿಯಲ್ಲಿ ಸರ್ಚ್ ಕನ್ಸೋಲ್‌ನ ದಿನ ಅಮೆರಿಕದ ಪೆಸಿಫಿಕ್ ಕಾಲಮಾನದ್ದು. ಆಗಸ್ಟ್‌ನಲ್ಲಿ ನಮಗೂ ಅದಕ್ಕೂ 12 ಗಂಟೆ 30 ನಿಮಿಷದ ಅಂತರ. ಆಗಸ್ಟ್ 3ರ ಕಕ್ಕಡ 18ರಂದು ಬೆಳಿಗ್ಗೆ 6 ಗಂಟೆಗೆ ಸೊಪ್ಪು ಕುದಿಯಲು ಇಟ್ಟು ಪಾಯಸದ ಅಳತೆ ಹುಡುಕಿದವರು ಅಲ್ಲಿ ಆಗಸ್ಟ್ 2ರ ಸಂಜೆ 5.30ರ ಲೆಕ್ಕಕ್ಕೆ ಸೇರುತ್ತಾರೆ. ನಮ್ಮ ಮಧ್ಯಾಹ್ನ 12.30ರವರೆಗಿನದೆಲ್ಲ ಹಿಂದಿನ ದಿನದ್ದೇ. ನವೆಂಬರ್ ಮೊದಲ ವಾರದಿಂದ ಮಾರ್ಚ್‌ವರೆಗೆ ಅಂತರ ಇನ್ನೂ ಒಂದು ಗಂಟೆ ಹೆಚ್ಚು. ಅನಲಿಟಿಕ್ಸ್ ಭಾರತದ ಸಮಯದಲ್ಲಿದ್ದರೆ ಹಬ್ಬದ ಏರು ಎರಡರಲ್ಲಿ ಎರಡು ಬೇರೆ ದಿನಕ್ಕೆ ಬೀಳುತ್ತದೆ.

ವಿಳಾಸದ ಬಗ್ಗೆ ಒಂದು ಮಾತು. ಕನ್ನಡ ಶೀರ್ಷಿಕೆಯಿಂದ ಬ್ಲಾಗರ್ ವಿಳಾಸ ಕಟ್ಟಲಾರದು, ‘ಬ್ಲಾಗ್ ಪೋಸ್ಟ್ 17’ ಎಂಬಂಥದ್ದು ಕೊಡುತ್ತದೆ. ವರದಿಯಲ್ಲಿ ಎಲ್ಲವೂ ಒಂದೇ ತರ ಕಾಣುತ್ತವೆ. ಅನಲಿಟಿಕ್ಸ್‌ನ ಪೇಜಸ್ ವರದಿಯಲ್ಲಿ ವಿಳಾಸದ ಬದಲು ‘ಪೇಜ್ ಟೈಟಲ್’ ಆರಿಸಿಕೊಳ್ಳಿ. ಹೊಸ ಬರಹಗಳಿಗೆ ಪ್ರಕಟಿಸುವ ಮೊದಲೇ ಪರ್ಮಾಲಿಂಕ್‌ನಲ್ಲಿ ಕಸ್ಟಮ್ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಡಿ. ಹಳೆಯವನ್ನು ಬದಲಿಸಬೇಡಿ, ಹಂಚಿಹೋದ ಲಿಂಕುಗಳು ಮುರಿಯುತ್ತವೆ. ಮುಂದೆ ವರ್ಡ್‌ಪ್ರೆಸ್‌ಗೆ ಹೋಗುವುದಾದರೂ ಇದೇ ಅಭ್ಯಾಸ ಇಟ್ಟುಕೊಳ್ಳಿ. ಅಲ್ಲಿ ಕನ್ನಡ ವಿಳಾಸ ಬರುತ್ತದೆ, ಆದರೆ ಒಂದೊಂದು ಕನ್ನಡ ಸಂಕೇತವೂ 3 ಬೈಟ್, ಲಿಂಕಾಗಿ ಕಾಪಿ ಮಾಡಿದಾಗ 9 ಅಕ್ಷರ. ‘ಕಡಂಬುಟ್ಟು’ ಎಂಬ ಒಂದೇ ಪದ 81 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ ಕೊಡುವ ಜಾಗ 200, ಹಾಗಾಗಿ ಉದ್ದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ.

ಮದ್ದುಸೊಪ್ಪು, ಪೊನ್ನಂಪೇಟೆ

ಎಲ್ಲರಿಗೂ ಧನ್ಯವಾದ. ಆರರಲ್ಲಿ ನಾಲ್ಕು ಬರಹ ಹಳೆಯ ಫಾಂಟಿನವೇ, ನೋಟ್‌ಪ್ಯಾಡ್‌ನಲ್ಲಿ ಕಂಡಿತು. ರಿಯಲ್‌ಟೈಮ್ ಪರೀಕ್ಷೆಯಲ್ಲಿ 2 ಬಂತು. ಸೆಟ್ಟಿಂಗ್ಸ್‌ನ ಐಡಿ ತೆಗೆದು ಥೀಮ್‌ನ ಕೋಡ್ ಹೊಸದಾಗಿ ಅಂಟಿಸಲು ಹೋದರೆ ಸೇವ್ ಆಗುತ್ತಿಲ್ಲ. ‘ಅಸಿಂಕ್’ ಎಂಬ ಪದದ ಮುಂದೆ ಸಮ ಚಿಹ್ನೆ ಇರಬೇಕು ಎಂಬ ದೋಷ ತೋರಿಸುತ್ತದೆ. ಇನ್ನೊಂದು, ತಿದ್ದುಪಡಿಗೆಂದು ದಿನಕ್ಕೆ ಎಷ್ಟೋ ಸಲ ಬ್ಲಾಗ್ ತೆರೆಯಬೇಕಾಗುತ್ತದೆ, ಅದು ಲೆಕ್ಕಕ್ಕೆ ಸೇರದಂತೆ ಮಾಡುವುದು ಹೇಗೆ? ಮನೆಯ ಐಪಿ ಹಾಕಿ ಫಿಲ್ಟರ್ ಮಾಡಿದರೂ ಮತ್ತೆ ಮತ್ತೆ ಸೇರುತ್ತಿದೆ.

ಹಾರಂಗಿದಂಡೆ, ಕುಶಾಲನಗರ

ಥೀಮ್‌ನ ಕೋಡನ್ನೇ ತೆಗೆದು ಸೆಟ್ಟಿಂಗ್ಸ್‌ನ ಐಡಿ ಉಳಿಸಿಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. 2 ಬಂದಿತ್ತು ಅಂದರೆ ನಿಮ್ಮ ಥೀಮ್‌ನಲ್ಲಿ ಐಡಿ ಕೆಲಸ ಮಾಡುತ್ತಿದೆ ಅಂತಲೇ. ಹಾಗೆ ಮಾಡಿ.

ದೋಷ ಯಾಕೆ ಬಂತು ಅಂದರೆ, ಬ್ಲಾಗರ್ ಥೀಮ್ ಎಕ್ಸ್‌ಎಂಎಲ್ ನಿಯಮದಲ್ಲಿದೆ. ಅಲ್ಲಿ ಪ್ರತಿ ಗುಣಪದಕ್ಕೂ ಬೆಲೆ ಬೇಕು, ಬರೀ ಅಸಿಂಕ್ ಎಂದರೆ ಒಪ್ಪುವುದಿಲ್ಲ. ಅದರ ಮುಂದೆ ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯ ಒಳಗೆ ಟ್ರೂ ಎಂದು ಬರೆದರೆ ಸೇವ್ ಆಗುತ್ತದೆ. ಬೇರೆ ಯಾವ ಕೋಡ್ ಅಂಟಿಸುವಾಗಲೂ ಇದು ನೆನಪಿರಲಿ. ಒಂಟಿ & ಚಿಹ್ನೆಯಿದ್ದರೂ ಇದೇ ರೀತಿ ತಡೆಯುತ್ತದೆ, ಅದನ್ನು & ಆದ ಮೇಲೆ ಎ, ಎಂ, ಪಿ, ಅರ್ಧವಿರಾಮ ಸೇರಿಸಿ ಬರೆಯಬೇಕು. ಮುಟ್ಟುವ ಮೊದಲು ಥೀಮ್ ಬ್ಯಾಕಪ್ ಇಳಿಸಿಕೊಳ್ಳಿ.

ಐಪಿ ಫಿಲ್ಟರ್ ನಿಲ್ಲದಿರುವುದು ನಿಮ್ಮ ತಪ್ಪಲ್ಲ. ಮನೆಯ ಇಂಟರ್ನೆಟ್ಟಿನ ಐಪಿ ರೂಟರ್ ಆಫ್ ಆಗಿ ಆನ್ ಆದಾಗ ಬದಲಾಗಬಹುದು, ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು. ಲೈನ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿದರೆ ಬೇರೆಯೇ ಐಪಿ. ಫಿಲ್ಟರ್ ಸಕ್ರಿಯವಾದ ಮೇಲೆ ಅದು ತೆಗೆದುಹಾಕಿದ ದತ್ತಾಂಶ ಎಂದಿಗೂ ವಾಪಸ್ಸು ಬರುವುದಿಲ್ಲ, ಮುಂದೆ ಆ ಐಪಿ ಇನ್ನೊಬ್ಬರ ಪಾಲಾದರೆ ಅವರ ಓದೂ ಹೋಗುತ್ತದೆ. ಆ ಫಿಲ್ಟರ್ ತೆಗೆದುಬಿಡಿ. ಬದಲಿಗೆ ತಿದ್ದುವ ಕೆಲಸಕ್ಕೆ ಬೇರೆಯೇ ಬ್ರೌಸರ್ ಇಟ್ಟುಕೊಳ್ಳಿ. ಬ್ರೇವ್ ಅನಲಿಟಿಕ್ಸನ್ನು ತಾನೇ ತಡೆಯುತ್ತದೆ, ಫೋನಿನಲ್ಲೂ ಸಿಗುತ್ತದೆ. ಕಂಪ್ಯೂಟರಿನ ಕ್ರೋಮ್‌ಗೆ ಗೂಗಲ್‌ನದೇ ‘ಅನಲಿಟಿಕ್ಸ್ ಆಪ್ಟ್ ಔಟ್’ ಆ್ಯಡ್ ಆನ್ ಇದೆ. ಬ್ಲಾಗರ್ ಅಂಕಿಅಂಶದಲ್ಲಿರುವ ‘ನನ್ನ ವೀಕ್ಷಣೆ ಎಣಿಸಬೇಡ’ ಆಯ್ಕೆ ಬ್ಲಾಗರ್ ಲೆಕ್ಕಕ್ಕೆ ಮಾತ್ರ, ಅದೂ ಆ ಬ್ರೌಸರಿನ ಕುಕಿ (ಬ್ರೌಸರಿನಲ್ಲಿ ಉಳಿಯುವ ಸಣ್ಣ ಗುರುತು) ಅಳಿಸುವವರೆಗೆ.

ಬರಪೊಳೆ, ವಿರಾಜಪೇಟೆ

80 ಬರಹಗಳ ಬ್ಲಾಗಿಗೆ ಅನಲಿಟಿಕ್ಸ್ ಭಾರವೇ ಅನ್ನುವುದು ನನ್ನ ಅಭಿಪ್ರಾಯ. ಯಾವ ಬರಹ, ಎಷ್ಟು ಜನ, ಎಲ್ಲಿಂದ ಬಂದರು ಎಂಬ ಮೂರೇ ಪ್ರಶ್ನೆಗೆ ಗೋಟ್‌ಕೌಂಟರ್ ಸಾಕು. ಮುಕ್ತ ತಂತ್ರಾಂಶ, ಸಣ್ಣ ಬ್ಲಾಗುಗಳಿಗೆ ಪುಕ್ಕಟೆ, ಕುಕಿ ಇಲ್ಲ, ಒಂದು ಸಾಲಿನ ಕೋಡ್. ಇಡೀ ಲೆಕ್ಕ ಒಂದೇ ಪುಟದಲ್ಲಿ ಕಾಣುತ್ತದೆ. ಸ್ವಂತ ಸರ್ವರ್ ಇರುವವರಿಗೆ ಮಟೋಮೊ ಇದೆ, ನಿಮಗೆ ಅದು ಬೇಡ.

ಓದುಗರು ಬರಹದಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ನೋಡಬೇಕಿದ್ದರೆ ಮೈಕ್ರೋಸಾಫ್ಟ್ ಕ್ಲಾರಿಟಿ ಹಾಕಿ, ಅದೂ ಪುಕ್ಕಟೆ. ಪುಟದ ಮೇಲೆ ಬೆರಳು ಎಲ್ಲೆಲ್ಲಿ ಓಡಿತು ಎಂಬುದರ ಹೀಟ್‌ಮ್ಯಾಪ್, ಭೇಟಿಗಳ ಮುದ್ರಿಕೆ ಸಿಗುತ್ತದೆ. ಸಾಮಾನ್ಯ ಮುದ್ರಿಕೆ 30 ದಿನ ಇರುತ್ತದೆ. ಅಡುಗೆ ಬರಹದಲ್ಲಿ ಜನ ಸಾಮಗ್ರಿ ಪಟ್ಟಿ ಹುಡುಕಿ ಪೀಠಿಕೆಯನ್ನೆಲ್ಲ ಸರಸರನೆ ದಾಟುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಕಾಚಂಪುಳಿ ಎಷ್ಟು ಚಮಚ ಎಂಬ ಸಾಲು ಮೇಲೆ ಬರಬೇಕೋ ಕೆಳಗಿರಬೇಕೋ ಎಂಬುದಕ್ಕೆ ಅಲ್ಲೇ ಉತ್ತರ. ವರ್ಷವಿಡೀ ಬೇಕಿಲ್ಲ, ಒಂದು ತಿಂಗಳು ಇಟ್ಟು ತೆಗೆಯಿರಿ.

ಹಾರಂಗಿದಂಡೆ, ಕುಶಾಲನಗರ

ಗೋಟ್‌ಕೌಂಟರ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇವರ ಅನಲಿಟಿಕ್ಸ್‌ನಲ್ಲಿ ಆಗಲೇ ಒಂದು ವರ್ಷದ ಲೆಕ್ಕ ಇದ್ದರೆ ಅದನ್ನು ಕಡಿದು ಹೊಸದಕ್ಕೆ ಹೋದರೆ ಹಿಂದಿನ ವರ್ಷದೊಡನೆ ಹೋಲಿಸಲು ಏನೂ ಉಳಿಯುವುದಿಲ್ಲ. ಹೊಸದನ್ನು ಹಾಕುವುದಾದರೆ ಹಳೆಯದರ ಪಕ್ಕದಲ್ಲಿ ಓಡಲಿ.

ಏಲಕ್ಕಿಮಲೆ, ಮಡಿಕೇರಿ

ಬೆಳವಣಿಗೆಯ ಪ್ರಶ್ನೆಗೆ ಯಾರೂ ಬಂದಿಲ್ಲ, ಅದನ್ನು ನಾನು ಹೇಳುತ್ತೇನೆ.

ನಿಮ್ಮ ವಿಷಯಕ್ಕೆ ತಿಂಗಳಿಂದ ತಿಂಗಳಿಗೆ ಹೋಲಿಸುವುದು ಸಲ್ಲದು. ಆಗಸ್ಟ್ 3ಕ್ಕೆ ಮದ್ದುಸೊಪ್ಪು, ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ಅಕ್ಟೋಬರ್ 17 ಇಲ್ಲವೇ 18ಕ್ಕೆ ಕಾವೇರಿ ಸಂಕ್ರಮಣ. ಓದುಗರು ಈ ದಿನಗಳ ಬೆನ್ನಿಗೇ ಬರುತ್ತಾರೆ, ಹೋಗುತ್ತಾರೆ. ಸೆಪ್ಟೆಂಬರ್ ಇಳಿಯಿತು ಎಂದರೆ ಮದ್ದುಸೊಪ್ಪಿನ ಕಾಲ ಮುಗಿಯಿತು ಎಂದಷ್ಟೇ. ಈ ಆಗಸ್ಟನ್ನು ಹೋದ ಆಗಸ್ಟಿನ ಜೊತೆ ಇಟ್ಟು ನೋಡಿ. ಸರ್ಚ್ ಕನ್ಸೋಲ್‌ನಲ್ಲಿ ದಿನಾಂಕದ ಮೇಲೆ ಒತ್ತಿದರೆ ‘ಕಂಪೇರ್’ ಇದೆ. ಅಲ್ಲಿ ಸಿಗುವುದು 16 ತಿಂಗಳ ಲೆಕ್ಕ ಮಾತ್ರ. ಒಂದು ಹಬ್ಬವನ್ನು ಹಿಂದಿನ ವರ್ಷದೊಡನೆ ಹೋಲಿಸಲು ನಿಮಗಿರುವ ಅವಕಾಶ ನಾಲ್ಕು ತಿಂಗಳು, ಆಮೇಲೆ ಹಳೆಯದು ಅಳಿಯುತ್ತದೆ. ಅದಕ್ಕೇ ಪ್ರತಿ ತಿಂಗಳ 5ನೇ ತಾರೀಕು ಹಿಂದಿನ ತಿಂಗಳದ್ದನ್ನು ಎಕ್ಸ್‌ಪೋರ್ಟ್ ಮಾಡಿ ಗೂಗಲ್ ಶೀಟ್ಸ್‌ಗೆ ಇಳಿಸಿಕೊಳ್ಳಿ. ಪಟ್ಟಿ 1000 ಸಾಲಿಗೆ ನಿಲ್ಲುತ್ತದೆ, ನಿಮ್ಮ ಪುಟಗಳಿಗೆ ಅದು ಧಾರಾಳ.

ಬೇರೆ ಒಂದು ಹಾಳೆಯಲ್ಲಿ ತಿಂಗಳಿಗೆ ಒಂದೇ ಸಾಲು. ಹುಡುಕಾಟದ ಕ್ಲಿಕ್, ಎಂಗೇಜ್ಡ್ ಸೆಷನ್, ಗುರುತು ಹಾಕಿದ ವಾಟ್ಸಾಪ್ ಭೇಟಿ, ಆ ತಿಂಗಳು ಬರೆದ ಹೊಸ ಬರಹ, ಮತ್ತು ಒಂದು ಕ್ಲಿಕ್ಕಾದರೂ ಪಡೆದ ಪುಟಗಳ ಸಂಖ್ಯೆ. ಆ ಕೊನೆಯದಕ್ಕೆ ಹೆಚ್ಚು ಬೆಲೆ ಕೊಡಿ. ಒಂದು ಪಾಯಸದ ಬರಹ ಓಡಿದರೆ ಒಟ್ಟು ಕ್ಲಿಕ್ ಏರುತ್ತದೆ, ಬ್ಲಾಗ್ ಬೆಳೆದಿರುವುದಿಲ್ಲ. ಕ್ಲಿಕ್ ಪಡೆಯುವ ಪುಟಗಳು ಹೋದ ವರ್ಷ 20 ಇದ್ದದ್ದು ಈ ವರ್ಷ 45 ಆದರೆ, ಅದು ಬೇರು ಬಿಟ್ಟ ಬೆಳವಣಿಗೆ. ಪಕ್ಕದಲ್ಲಿ ಷರಾ ಕಾಲಂ ಇರಲಿ: ಥೀಮ್ ಬದಲಿಸಿದ್ದು, ನಾಲ್ಕು ಬರಹ ಯೂನಿಕೋಡ್‌ಗೆ ತಂದದ್ದು, ಜೋಡಿ ಟ್ಯಾಗ್ ತೆಗೆದ ದಿನ. ಆ ದಿನದಿಂದ ನಿಮ್ಮ ಅನಲಿಟಿಕ್ಸ್ ವೀಕ್ಷಣೆ ಅರ್ಧಕ್ಕೆ ಇಳಿಯುತ್ತದೆ, ಬರೆದಿಡದಿದ್ದರೆ ಆರು ತಿಂಗಳ ಮೇಲೆ ಕುಸಿತ ಅಂತಲೇ ಕಾಣುತ್ತದೆ.

ಸರಾಸರಿ ಸ್ಥಾನ (ಗೂಗಲ್ ಫಲಿತಾಂಶದಲ್ಲಿ ಎಷ್ಟನೆಯದಾಗಿ ಕಂಡಿತು) ಎಂಬ ಅಂಕಿಯನ್ನು ಇಡೀ ಬ್ಲಾಗಿಗೆ ನೋಡಬೇಡಿ. 4ನೇ ಸ್ಥಾನದಲ್ಲಿ 100 ಸಲ ಕಂಡ ಬರಹದ ಜೊತೆ ಹೊಸ ಬರಹವೊಂದು 40ನೇ ಸ್ಥಾನದಲ್ಲಿ 100 ಸಲ ಕಂಡರೆ ಸರಾಸರಿ 22ಕ್ಕೆ ಬೀಳುತ್ತದೆ. ಹಳೆಯದು ಕದಲಿಲ್ಲ, ಹೊಸದು ಸೇರಿತು ಅಷ್ಟೆ. ಒಂದೊಂದು ಪುಟಕ್ಕೆ, ಒಂದೊಂದು ಪ್ರಶ್ನೆಪದಕ್ಕೆ ನೋಡಿದರೆ ಮಾತ್ರ ಅದಕ್ಕೆ ಅರ್ಥ.

ಮದ್ದುಸೊಪ್ಪು, ಪೊನ್ನಂಪೇಟೆ

ಶೀಟ್ ಇವತ್ತೇ ಶುರು. ಕೊನೆಯದೊಂದು: ಪುತ್ತರಿ ಪ್ರತಿ ವರ್ಷ ಒಂದೇ ದಿನ ಬರುವುದಿಲ್ಲವಲ್ಲ, ನವೆಂಬರ್, ಡಿಸೆಂಬರ್ ಎಂದು ಸರಿದಾಡುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸುವುದು ಹೇಗೆ?

ಏಲಕ್ಕಿಮಲೆ, ಮಡಿಕೇರಿ

ಕ್ಯಾಲೆಂಡರ್ ತಿಂಗಳು ಬಿಟ್ಟು ಹಬ್ಬದಿಂದ ಎಣಿಸಿ. ಎರಡೂ ವರ್ಷದ ಪುತ್ತರಿ ದಿನ ಬರೆದುಕೊಳ್ಳಿ, ಹಬ್ಬಕ್ಕೆ 20 ದಿನ ಹಿಂದಿನಿಂದ ಹಬ್ಬದ ಮರುದಿನದವರೆಗೆ ಎಂದು ಎರಡು ಅವಧಿ ಕಟ್ಟಿ. ‘ಕಂಪೇರ್’ನಲ್ಲಿ ‘ಕಸ್ಟಮ್’ ಆರಿಸಿದರೆ ಎರಡಕ್ಕೂ ಬೇರೆಬೇರೆ ದಿನಾಂಕ ಕೊಡಬಹುದು, ಎರಡರಲ್ಲೂ ದಿನಗಳ ಸಂಖ್ಯೆ ಒಂದೇ ಇರಲಿ. ಲಿಪಿಕಾರರು ಹೇಳಿದ ಕಾಲಮಾನದಿಂದಾಗಿ ಹಬ್ಬದ ದಿನ ಮಧ್ಯಾಹ್ನ 1.30ರವರೆಗಿನ ಹುಡುಕಾಟ ಒಂದು ದಿನ ಹಿಂದೆ ಬೀಳುತ್ತದೆ, ಇಷ್ಟು ಉದ್ದದ ಅವಧಿಯಲ್ಲಿ ಅದು ಮುಳುಗಿಹೋಗುತ್ತದೆ. ಪುತ್ತರಿ|ಹುತ್ತರಿ|ತಂಬುಟ್ಟು ಎಂಬ ಫಿಲ್ಟರ್ ಹಾಕಿಯೇ ಹೋಲಿಸಿ, ಇಲ್ಲದಿದ್ದರೆ ಆ ದಿನಗಳ ಬೇರೆ ಬರಹಗಳ ಓದೂ ಬೆರೆಯುತ್ತದೆ. ಏರು ಹಬ್ಬಕ್ಕೆ ಎಷ್ಟು ದಿನ ಮುಂಚೆ ಶುರುವಾಗುತ್ತದೆ ಅಂತ ಗೆರೆಯಲ್ಲಿ ನೋಡಿ ಷರಾ ಕಾಲಂನಲ್ಲಿ ಬರೆಯಿರಿ. ಮುಂದಿನ ವರ್ಷ ತಂಬುಟ್ಟಿನ ಬರಹವನ್ನು ಅದಕ್ಕೆ ಮೂರು ವಾರ ಮೊದಲೇ ತಿದ್ದಿ ಇಟ್ಟಿರಬೇಕು, ಗೂಗಲ್ ಬಂದು ನೋಡಿಕೊಂಡು ಹೋಗಲು ಅಷ್ಟು ಸಮಯ ಕೊಡಿ.